ಕೇಳಿದ್ದನ್ನೇ ಕೇಳಿದಾಗ

ಶಿವಮೊಗ್ಗದಿಂದ ಹೊನ್ನಾಳಿ ಕಡೆ ಹೊರಟರೆ ದಾರಿಯಲ್ಲೇ ಹೊಳಲೂರು. ಅಡಿಕೆ ಕೊಯ್ಲಿನ ದಿನಗಳಲ್ಲಿ ಊರಿಗೆ ಊರೇ ಚೊಗರಿನ ವಾಸನೆಯಲ್ಲಿ ಮುಳುಗಿರುತ್ತದೆ. ಅಂಥದೊಂದು ಸಂಜೆ ದೊಡ್ಡಮ್ಮನ ಮನೆ ಜಗಲಿಯ ಮೇಲೆ ನಡೆದ ಮಾತು ಇದು. ದೊಡ್ಡಮ್ಮ 35 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ನಾನು ಅವಳ ತಂಗಿಯ ಮಗ. ಸ್ವಂತ ತೋಟದ ಜೊತೆಗೆ ಬೇರೆಯವರ ತೋಟವನ್ನೂ ಚೇಣಿ ಹಿಡಿಯುತ್ತೇನೆ.

— ಏನೋ, ಈ ಹೊತ್ತಲ್ಲಿ? ಅಡಿಕೆ ಬೇಯಿಸೋ ಹಂಡೆ ಹತ್ತಿರ ಯಾರಿದಾರೆ?

— ಹುಡುಗರಿದಾರೆ ದೊಡ್ಡಮ್ಮ. ನನಗೆ ಅಲ್ಲಿ ನಿಲ್ಲೋಕೆ ಆಗಲಿಲ್ಲ. ನಿನ್ನೆ ಅಮ್ಮನ ಮೇಲೆ ಕೂಗಿಬಿಟ್ಟೆ.

— ಕೂತ್ಕೋ. ಏನಂತ ಕೂಗಿದೆ?

— ಸಂಜೆ ಆದರೆ ಅವಳದು ಒಂದೇ ಪ್ರಶ್ನೆ, ನಿನಗೂ ಗೊತ್ತು. ‘ನಿಮ್ಮಪ್ಪ ತೋಟದಿಂದ ಬಂದ್ರೇನೋ?’ ಮೊದಲನೇ ಸಲ ‘ಬರ್ತಾರೆ’ ಅಂದೆ. ಎರಡನೇ ಸಲಕ್ಕೂ ಅಂದೆ. ಆಮೇಲೆ ಉತ್ತರ ಕೊಡೋದು ಬಿಟ್ಟೆ. ಅವಳು ಬಿಡಲಿಲ್ಲ. ಬಾಗಿಲ ತನಕ ಹೋಗಿ ನೋಡೋದು, ಎದೆ ತಡವಿಕೊಳ್ತಾ ವಾಪಸ್ ಬರೋದು, ಮತ್ತೆ ಕೇಳೋದು. ನನ್ನ ಜೊತೆ ಫೋನಲ್ಲಿ ವ್ಯಾಪಾರಿ ರಾಶಿ ಅಡಿಕೆ ದರದ ಮಾತು ಆಡ್ತಿದ್ದ. ‘ಅಪ್ಪ ಸತ್ತು ಆರು ವರ್ಷ ಆಯ್ತು, ಇನ್ನೆಷ್ಟು ಸಲ ಹೇಳ್ಲಿ’ ಅಂತ ಕಿರುಚಿಬಿಟ್ಟೆ.

— ಅವಳು?

— ಆಗಷ್ಟೇ ಸುದ್ದಿ ಕೇಳಿದವಳ ಹಾಗೆ ಗೋಡೆ ಹಿಡ್ಕೊಂಡು ಕುಸಿದಳು. ಕೈ ಹಣೆಗೆ ಹೋಯ್ತು. ‘ನನಗ್ಯಾಕೆ ಯಾರೂ ಹೇಳಲಿಲ್ಲ?’ ಅಂದಳು. ರಾತ್ರಿ ಊಟ ಮುಟ್ಟಲಿಲ್ಲ. ಬೆಳಗ್ಗೆ ನೋಡಿದರೆ ಎಲ್ಲ ಮರೆತಿದಾಳೆ. ನಗುನಗುತ್ತ ಕಾಫಿ ಕುಡಿದಳು. ನನಗೆ ಮರೆಯೋಕೆ ಆಗ್ತಿಲ್ಲ. ಬೈ ದೊಡ್ಡಮ್ಮ, ಅದಕ್ಕೇ ಬಂದೆ.

— ಬೈಸಿಕೊಂಡರೆ ನಿನಗೆ ಹಗುರ ಆಗುತ್ತೆ. ಅವಳಿಗೇನು ಬಂತು? ಒಂದು ಹೇಳು. ಕಿರುಚೋ ಮುಂಚೆ ನಿನ್ನ ಮೈಯಲ್ಲಿ ಏನಾಯ್ತು?

— ಮೈಯಲ್ಲಾ? ದವಡೆ ಕಚ್ಚಿಕೊಂಡಿದ್ದೆ ಅನ್ಸುತ್ತೆ. ಕಿವಿ ಬಿಸಿಯಾಗಿತ್ತು. ಉಸಿರು ಮೇಲೆಲ್ಲೋ ಸಿಕ್ಕಿಕೊಂಡಿತ್ತು.

— ಅದು ಆಗಲೇ ಗೊತ್ತಾಯ್ತಾ, ಈಗ ಕೇಳಿದ ಮೇಲಾ?

— ಈಗ.

— ಅಲ್ಲೇ ಇರೋದು ಕಣೋ ಎಲ್ಲ. ಸಿಟ್ಟು ಬಾಯಿಗೆ ಬರೋಕೆ ಮುಂಚೆ ಮೈಗೆ ಬಂದಿರುತ್ತೆ. ಹಾಲು ಉಕ್ಕೋಕೆ ಮುಂಚೆ ಪಾತ್ರೆ ಅಂಚಿಗೆ ಸಣ್ಣ ಗುಳ್ಳೆ ಕಟ್ಟುತ್ತಲ್ಲ, ಹಾಗೆ. ಒಲೆ ಮುಂದೆ ನಿಂತವಳಿಗೆ ಅದು ಕಾಣುತ್ತೆ, ಉರಿ ತಗ್ಗಿಸ್ತಾಳೆ. ಪಡಸಾಲೆಯಲ್ಲಿ ಕೂತವಳಿಗೆ ಉಕ್ಕಿ ಚೆಲ್ಲಿದ ಮೇಲೆ ವಾಸನೆ ಬರುತ್ತೆ.

— ನಿನಗೆ ಹೇಳಿರಲಿಲ್ಲ, ಮೂರು ತಿಂಗಳಿಂದ ದಿನಾ ಧ್ಯಾನ ಮಾಡ್ತಿದೀನಿ. ಮೊಬೈಲ್‌ನಲ್ಲಿ ಒಂದು ಆಪ್ ಹಾಕ್ಕೊಂಡಿದೀನಿ. ಇಯರ್‌ಫೋನ್ ಸಿಕ್ಕಿಸಿಕೊಂಡು 20 ನಿಮಿಷ ಕೂರ್ತೀನಿ, ಬಾಗಿಲು ಹಾಕ್ಕೊಂಡು. ಆ ಹೊತ್ತು ಚೆನ್ನಾಗೇ ಇರುತ್ತೆ. ಎದ್ದು ಬಾಗಿಲು ತೆಗೆದ ಕೂಡಲೇ ಯಾರಾದ್ರೂ ಮಾತಾಡಿಸಿದರೆ ಮೊದಲಿಗಿಂತ ಜಾಸ್ತಿ ಸಿಟ್ಟು ಬರುತ್ತೆ. ಇದು ನನ್ನಂಥವನಿಗೆ ಒಗ್ಗೋದಲ್ಲ ಅನ್ನಿಸಿಬಿಟ್ಟಿದೆ.

— ಯಾತಕ್ಕೆ ಅಂತ ಕೂರ್ತೀಯ?

— ನೆಮ್ಮದಿಗೆ. ಇನ್ಯಾತಕ್ಕೆ?

— ನೆಮ್ಮದಿ ಬೇಕು ಅಂತ ಕೂತರೆ, ಎದ್ದ ಮೇಲೆ ಆ ನೆಮ್ಮದಿ ಕದಡೋರೆಲ್ಲ ಕಳ್ಳರ ಹಾಗೆ ಕಾಣ್ತಾರೆ. ನಿಮ್ಮಮ್ಮ, ನಿನ್ನ ಹೆಂಡತಿ, ಹಂಡೆ ಹತ್ತಿರದ ಹುಡುಗರು, ಎಲ್ಲರೂ. ರಿಟೈರ್ ಆದ ವರ್ಷ ನಾನು ಬೆಂಗಳೂರಿಗೆ ಹೋಗಿದ್ದೆನಲ್ಲ, ನೆನಪಿದೆಯಾ? ತುಮಕೂರು ರಸ್ತೆ ಕಡೆ ಆಲೂರು ಅಂತ ಊರು. ಅಲ್ಲಿ ಧಮ್ಮ ಪಫುಲ್ಲ ಅನ್ನೋ ವಿಪಶ್ಯನ ಕೇಂದ್ರ ಇದೆ. ಹತ್ತು ದಿನ ಇದ್ದೆ.

— ನೆನಪಿದೆ. ಫೋನೂ ಇಲ್ಲದೆ ಇದ್ದೆ. ಅಮ್ಮ ಗಾಬರಿಯಾಗಿದ್ದಳು.

— ಬೆಳಗಿನ ಜಾವ ನಾಲ್ಕಕ್ಕೆ ಗಂಟೆ. ಮಾತಿಲ್ಲ, ಓದಿಲ್ಲ, ಬರಹ ಇಲ್ಲ. ಊಟ, ವಸತಿ, ಕಲಿಸೋದು, ಯಾವುದಕ್ಕೂ ದುಡ್ಡು ಕೇಳಲ್ಲ. ಮುಗಿದ ಮೇಲೆ ಇಷ್ಟ ಇದ್ದೋರು ಮುಂದೆ ಬರೋರಿಗಾಗಿ ಕೊಡಬಹುದು. ಮೊದಲ ಮೂರು ದಿನ ಮೂಗಿನ ಹತ್ತಿರ ಬಂದುಹೋಗೋ ಉಸಿರು ನೋಡೋದು, ಅಷ್ಟೇ ಕೆಲಸ. ಆನಾಪಾನ ಅಂತಾರೆ. ಆಮೇಲೆ ನೆತ್ತಿಯಿಂದ ಪಾದದ ತನಕ ಮೈಯಲ್ಲಿ ಏನೇನಾಗುತ್ತೆ ಅಂತ ನೋಡ್ತಾ ಹೋಗೋದು. ನಿನ್ನ ದವಡೆ, ನಿನ್ನ ಕಿವಿ ಬಿಸಿ, ಅದನ್ನೇ. ಕೊನೇ ದಿನ ಮೈತ್ರಿ. ಅದನ್ನ ಆಮೇಲೆ ಹೇಳ್ತೀನಿ. ಇದನ್ನ ನಮ್ಮ ಕಾಲದಲ್ಲಿ ಇಷ್ಟು ಹರಡಿದವರು ಗೋಯೆಂಕಾ ಅಂತ, ಬರ್ಮಾದ ಮಾಂಡಲೇಯಲ್ಲಿ 1924ರಲ್ಲಿ ಹುಟ್ಟಿದ ಮಾರವಾಡಿ ಮನೆತನದ ವ್ಯಾಪಾರಿ. ಅವರಿಗೆ ವಿಪರೀತ ತಲೆನೋವು ಬರ್ತಿತ್ತು. ಮಾರ್ಫಿನ್ ಇಂಜೆಕ್ಷನ್ ಕೊಡಬೇಕಾಗ್ತಿತ್ತು ಅಂದರೆ ನೋಡು. ನಾನು ನರ್ಸು, ಆ ನೋವು ಎಂಥದ್ದಿರಬಹುದು ಅಂತ ಗೊತ್ತಾಗುತ್ತೆ. ಅವರು ಊ ಬಾ ಖಿನ್ ಅನ್ನೋರ ಹತ್ತಿರ ಹೋದರು. ಸನ್ಯಾಸಿಯಲ್ಲ ಅವರು, ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. ಕಚೇರಿ ಕೆಲಸದ ಜೊತೆಗೇ ಧ್ಯಾನ ಕಲಿಸೋರು. ಅವರು ಮೊದಲು ಏನಂದರು ಗೊತ್ತಾ? ತಲೆನೋವು ಹೋಗಲಿ ಅಂತ ಬಂದಿದ್ರೆ ಕಲಿಸಲ್ಲ ಅಂದರು.

— ನೋವಿರೋನು ಇನ್ಯಾತಕ್ಕೆ ಹೋಗ್ತಾನೆ ದೊಡ್ಡಮ್ಮ?

— ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಅರ್ಥ ಆಯ್ತು. ನೋವು ಹೋಗಲಿ ಅಂತ ಕೂತರೆ ಪ್ರತಿ ಐದು ನಿಮಿಷಕ್ಕೆ ‘ಹೋಯ್ತಾ?’ ಅಂತ ನೋಡ್ತಿರ್ತೀವಿ. ಆಗ ನೋಡೋದು ನೋವನ್ನಲ್ಲ, ನಮ್ಮ ಆಸೆಯನ್ನ. ಗೋಯೆಂಕಾ ಅವರು ಕಲಿತು, 14 ವರ್ಷ ಅಭ್ಯಾಸ ಮಾಡಿ, 1969ರಲ್ಲಿ ನಮ್ಮ ದೇಶಕ್ಕೆ ಬಂದು ಕಲಿಸೋಕೆ ಶುರು ಮಾಡಿದರು. ತಿಹಾರ್ ಜೈಲಿನಲ್ಲೂ 1994ರಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಕೂತರು.

— ಹತ್ತು ದಿನ ಬಿಟ್ಟು ಹೋಗೋಕೆ ನನ್ನ ಕೈಲಿ ಎಲ್ಲಾಗುತ್ತೆ? ಕೊಯ್ಲು, ಅಮ್ಮ, ಶಾಲೆಗೆ ಹೋಗೋ ಮಗಳು.

— ಹೋಗು ಅಂತ ಯಾರಂದ್ರು? ಹತ್ತು ದಿನದಲ್ಲಿ ನಾನು ಕಂಡುಕೊಂಡಿದ್ದು ಏನು ಅಂದರೆ, ಇದರ ಅರ್ಧಭಾಗ ನಮ್ಮನೇಲೇ ಇತ್ತು. ನಮ್ಮವ್ವ, ನಿನ್ನ ಅಜ್ಜಿ, ಸ್ನಾನ ಮಾಡಿ ವಿಭೂತಿ ಧರಿಸಿ, ಒಲೆ ಹಚ್ಚೋಕೂ ಮುಂಚೆ ಲಿಂಗಪೂಜೆಗೆ ಕೂರೋಳು. ಕರಡಿಗೆ ಬಿಚ್ಚಿ ಲಿಂಗವನ್ನ ಎಡ ಅಂಗೈಲಿಟ್ಟುಕೊಳ್ಳೋಳು. ಎದುರಿಗೆ ಸಣ್ಣ ದೀಪ. ಇಷ್ಟಲಿಂಗದ ಮೇಲೆ ಕಪ್ಪು ಕಂತಿ ಇರುತ್ತಲ್ಲ, ಅದರಲ್ಲಿ ದೀಪದ ಬೆಳಕು ಸಾಸಿವೆ ಕಾಳಿನಷ್ಟು ಚುಕ್ಕೆಯಾಗಿ ಹೊಳೆಯುತ್ತೆ. ಆ ಚುಕ್ಕೆ ಮೇಲೆ ಕಣ್ಣು ನೆಡೋಳು. ಕಣ್ಣು ಪೂರ್ತಿ ಮುಚ್ಚೋದಿಲ್ಲ, ಪೂರ್ತಿ ಬಿಡೋದೂ ಇಲ್ಲ. ನಾವು ಮಕ್ಕಳು ಸುತ್ತ ಗಲಾಟೆ ಮಾಡ್ತಿದ್ವಿ. ಬಾಗಿಲು ಹಾಕ್ಕೊಂಡಿದ್ದು ನಾನು ಒಂದು ದಿನವೂ ನೋಡಲಿಲ್ಲ.

— ಅದನ್ನ ಪೂಜೆ ಅಂದುಕೊಂಡಿದ್ದೆ. ಧ್ಯಾನ ಅಂತ ಅನ್ನಿಸಿರಲಿಲ್ಲ.

— ಹೆಸರು ಯಾವುದಾದ್ರೂ ಇರಲಿ. ನಮ್ಮ ಜಿಲ್ಲೆಯವರೇ ಅಲ್ವಾ ಅಲ್ಲಮ? ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಅಕ್ಕಮಹಾದೇವಿಯ ಉಡುತಡಿಯೂ ಅದೇ ತಾಲ್ಲೂಕು. ಅಲ್ಲಮ ಮದ್ದಳೆ ಬಾರಿಸ್ತಿದ್ದವನು, ಕಟ್ಟಿಕೊಂಡವಳು ಸತ್ತ ದುಃಖದಲ್ಲಿ ಹುಚ್ಚನ ಹಾಗೆ ತಿರುಗ್ತಿದ್ದ ಅಂತ ಹರಿಹರ ರಗಳೆಯಲ್ಲಿ ಹೇಳ್ತಾನೆ. ಒಂದು ತೋಟದಲ್ಲಿ ಕೂತು ಸುಮ್ಮನೆ ಕಾಲುಗುರಲ್ಲಿ ನೆಲ ಕೆದಕ್ತಿದ್ದಾಗ ಮಣ್ಣಿನಿಂದ ಒಂದು ಕಳಸದ ತುದಿ ಕಾಣುತ್ತೆ. ಅಗೆಸಿದರೆ ಕೆಳಗೆ ಇಡೀ ಗುಡಿ. ಒಳಗೆ ಅನಿಮಿಷಯ್ಯ, ಅಂಗೈಲಿ ಲಿಂಗ ಹಿಡಿದು ಅದನ್ನೇ ನೋಡ್ತಾ ಕೂತಿದಾನೆ. ಅನಿಮಿಷ ಅಂದರೇನು? ರೆಪ್ಪೆ ಬಡಿಯದವನು. ಆ ಲಿಂಗ ಅಲ್ಲಮನ ಕೈಗೆ ಬಂತು. ಮುಂದೆ ಕಲ್ಯಾಣದ ಅನುಭವ ಮಂಟಪದಲ್ಲಿ ಶೂನ್ಯಪೀಠಕ್ಕೆ ಏರಿದವನು ಈ ನೆಲ ಕೆದಕ್ತಿದ್ದವನೇ.

— ದುಃಖದಲ್ಲಿ ನೆಲ ಕೆದಕೋದು ಅಂದೆಯಲ್ಲ, ಅದು ನನಗೆ ಅರ್ಥ ಆಗುತ್ತೆ.

— ನನಗೂ ಆ ಕಥೇಲಿ ಅದೇ ಜಾಗ ಇಷ್ಟ. ಅವನು ಗುಡಿ ಹುಡುಕಿಕೊಂಡು ಹೋಗಿರಲಿಲ್ಲ, ಕೂತಲ್ಲೇ ಸಿಕ್ಕಿತು. ಶೂನ್ಯಸಂಪಾದನೆಯಲ್ಲಿ ಇನ್ನೊಂದು ಪ್ರಸಂಗ ಇದೆ. ಸೊನ್ನಲಿಗೆಯ ಸಿದ್ಧರಾಮ ಕೆರೆ ತೋಡಿಸ್ತಿದ್ದ, ಗುಡಿ ಕಟ್ಟಿಸ್ತಿದ್ದ. ಸಾವಿರಾರು ಜನಕ್ಕೆ ನೀರಾಗೋ ಕೆಲಸ. ಅಲ್ಲಮ ಅಲ್ಲಿಗೆ ಹೋಗಿ ‘ಎಲ್ಲಿ ಆ ಒಡ್ಡ?’ ಅಂತ ಕೇಳಿದ. ಕೆಲಸದವರು ಕಲ್ಲು ತೂರಿದರು, ಸಿದ್ಧರಾಮನಿಗೆ ಕೆಂಡದಂಥ ಸಿಟ್ಟು. ಅಷ್ಟು ಒಳ್ಳೇ ಕೆಲಸ ಮಾಡೋನಿಗೆ ಒಂದು ಮಾತು ತಡೆಯೋಕೆ ಆಗಲಿಲ್ಲ. ಅಲ್ಲಮ ತೋರಿಸಿದ್ದು ಅದನ್ನೇ. ಕೆರೆ ತೋಡೋದು ತಪ್ಪು ಅಂತಲ್ಲ, ಒಳಗೆ ನೋಡದೆ ಮಾಡಿದ ಉಪಕಾರದಲ್ಲಿ ‘ನಾನು ಮಾಡ್ತಿದೀನಿ’ ಅನ್ನೋದು ಉಳಿದುಬಿಡುತ್ತೆ, ಅದನ್ನ ಯಾರಾದ್ರೂ ಮುಟ್ಟಿದರೆ ಸಿಡಿಯುತ್ತೆ. ನೀನು ಅಮ್ಮನಿಗೆ ಏನು ಕಡಿಮೆ ಮಾಡಿದೀಯ ಹೇಳು? ಶಿವಮೊಗ್ಗದ ಡಾಕ್ಟರಿಗೆ ತೋರಿಸ್ತೀಯ, ಮಾತ್ರೆ ತಪ್ಪಿಸಲ್ಲ, ಹಾಸಿಗೆ ಮಾಡಿಸಿದೀಯ.

— ಅದೇ ಇರಬೇಕು ದೊಡ್ಡಮ್ಮ. ಇಷ್ಟೆಲ್ಲ ಮಾಡಿದರೂ ಹೀಗೆ ಕಾಡ್ತಾಳಲ್ಲ ಅಂತ ಒಳಗೆ ಇತ್ತು.

— ಇರುತ್ತೆ. ಎಲ್ಲರಿಗೂ ಇರುತ್ತೆ. ಇದೆ ಅಂತ ಕಂಡಿತಲ್ಲ ಈಗ, ಅಷ್ಟು ಸಾಕು. ಅದನ್ನ ಹೊಡೆದೋಡಿಸೋಕೆ ಹೋಗಬೇಡ.

— ಕೊನೇ ದಿನದ ಮೈತ್ರಿ ಅಂದೆಯಲ್ಲ.

— ಹೂಂ. ಅದು ಹಳೇ ಅಭ್ಯಾಸ. ಐದನೇ ಶತಮಾನದಲ್ಲಿ ಸಿಂಹಳದಲ್ಲಿ ಬುದ್ಧಘೋಷ ಬರೆದ ವಿಸುದ್ಧಿಮಗ್ಗದಲ್ಲಿ ಅದನ್ನ ಹೆಜ್ಜೆ ಹೆಜ್ಜೆಯಾಗಿ ಹೇಳಿದೆ. ನಮ್ಮ ಬಳ್ಳಿಗಾವಿಯಲ್ಲೂ 11ನೇ ಶತಮಾನದಲ್ಲಿ ಬೌದ್ಧ ವಿಹಾರ ಇತ್ತು, ಶಾಸನ ಇದೆ, ತಾರಾ ಭಗವತಿಯ ವಿಗ್ರಹ ಸಿಕ್ಕಿದೆ. ತಾರೆ ಅಂದರೆ ದಾಟಿಸೋಳು, ಕರುಣೆಯ ದೇವತೆ. ಅಲ್ಲಮ ಹುಟ್ಟೋ ಮುಂಚೆಯೇ ಆ ಊರಲ್ಲಿ ಯಾರೋ ಬೆಳಗ್ಗೆ ಎದ್ದು ಮೈತ್ರಿ ಭಾವನೆ ಮಾಡ್ತಾ ಕೂತಿರಬೇಕು ಅಂತ ನಾನು ಅಂದುಕೊಳ್ತೀನಿ. ಬೆಂಗಳೂರು ಗಾಂಧಿನಗರದಲ್ಲಿ ಮಹಾಬೋಧಿ ಸೊಸೈಟಿ ಇದೆ, 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಶುರು ಮಾಡಿದ್ದು. ಮೈತ್ರಿಯ ಬಗ್ಗೆಯೇ ಪುಸ್ತಕ ಬರೆದವರು ಅವರು. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಿಭಾಗಕ್ಕೆ ಮಹಾಬೋಧಿ ಅನ್ನೋ ಹೆಸರಿದೆ. ಸುಟ್ಟಗಾಯದ ವಾರ್ಡಿನಲ್ಲಿ ಒಂದು ದಿನ ಕೆಲಸ ಮಾಡಿದವರಿಗೂ ಗೊತ್ತು, ಅಲ್ಲಿ ಬಾಯಿಮಾತಿನ ಕರುಣೆ ನಡೆಯಲ್ಲ.

— ಹೆಜ್ಜೆ ಹೆಜ್ಜೆಯಾಗಿ ಅಂದರೆ ಹೇಗೆ?

— ಮೊದಲು ನಿನಗೇ. ‘ನಾನು ಸುಖವಾಗಿರಲಿ’ ಅಂತ. ಸ್ವಾರ್ಥ ಅಂದುಕೊಳ್ಳಬೇಡ, ಅದು ಅಳತೆಗೆ. ನನಗೆ ಸುಖ ಬೇಕು ಅನ್ನೋದು ಗೊತ್ತಾದರೆ ತಾನೇ ಇನ್ನೊಬ್ಬನಿಗೂ ಬೇಕು ಅಂತ ಗೊತ್ತಾಗೋದು? ಆಮೇಲೆ ಗೌರವ ಇರೋ ಒಬ್ಬರಿಗೆ, ನಿನ್ನ ಮೇಷ್ಟ್ರೋ ಯಾರೋ. ಆಮೇಲೆ ತೀರಾ ಹತ್ತಿರದೋರಿಗೆ. ಅದಾದ ಮೇಲೆ, ಪ್ರೀತಿಯೂ ಇಲ್ಲ ಸಿಟ್ಟೂ ಇಲ್ಲ ಅನ್ನೋ ಒಬ್ಬರಿಗೆ. ಕೊನೇಲಿ ಆಗದವರಿಗೆ.

— ಆಗದವರಿಗೆ ಅಂದರೆ ಬದು ಒತ್ತಿದ ನಮ್ಮ ದಾಯಾದಿಗೂ?

— ಅವನಿಗೂ. ಆದರೆ ಅವನನ್ನ ಈಗ ಬಿಡು. ನನಗೆ ಕಷ್ಟ ಆಗಿದ್ದು ಅವನಂಥೋರಲ್ಲ, ನಾಲ್ಕನೆಯವರು. ಪ್ರೀತಿಯೂ ಇಲ್ಲ ಸಿಟ್ಟೂ ಇಲ್ಲ ಅನ್ನೋ ಒಬ್ಬರನ್ನ ನೆನೆಸ್ಕೋ ಅಂದರೆ ಮುಖವೇ ಬರಲಿಲ್ಲ. ನಿನ್ನನ್ನೇ ಕೇಳ್ತೀನಿ. ನಿಮ್ಮ ಶೆಡ್ಡಿನಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋಕೆ ಎಷ್ಟು ಜನ ಬರ್ತಾರೆ?

— ಹೆಂಗಸರು ಒಂಬತ್ತು ಹತ್ತು ಜನ.

— ಹಿಂದಿನ ಬಾಗಿಲ ಹತ್ತಿರ ಒಬ್ಬಳು ಕೂರ್ತಾಳೆ. ಬಲಗೈ ಹೆಬ್ಬೆರಳಿಗೆ ಯಾವಾಗಲೂ ಬಟ್ಟೆ ಸುತ್ತಿರ್ತಾಳೆ. ಯಾರವಳು?

— ಪಕ್ಕದ ಊರಿನವಳು ಇರಬೇಕು. ನಾಲ್ಕು ವರ್ಷದಿಂದ ಬರ್ತಾಳೆ. ಸುಲಿದದ್ದಕ್ಕೆ ಲೆಕ್ಕ ಸರಿಯಾಗಿ ಕೊಡ್ತೀನಲ್ಲ?

— ಹೆಸರೇನು?

— ಲೆಕ್ಕದ ಪುಸ್ತಕದಲ್ಲಿ ಇದೆ.

— ಬಟ್ಟೆ ಯಾಕೆ ಸುತ್ತಿರ್ತಾಳೆ?

— ಗೊತ್ತಿಲ್ಲ ದೊಡ್ಡಮ್ಮ. ನಾನು ನೋಡೇ ಇಲ್ಲ.

— ನಿನ್ನನ್ನ ಹಿಡಿದು ಕಟ್ಟೋಕೆ ಕೇಳಲಿಲ್ಲ ಮಗಾ. ನನ್ನದೂ ಒಂದು ಹೇಳ್ತೀನಿ. ಕೆಲಸಕ್ಕೆ ಸೇರಿ ಏಳೆಂಟು ವರ್ಷ ಆಗಿತ್ತು. ನೈಟ್ ಡ್ಯೂಟಿ, ವಾರ್ಡಿನಲ್ಲಿ ನಲವತ್ತು ಜನ, ನಾವಿಬ್ಬರು. ನಮಗೆ ಅವರೆಲ್ಲ ಬೆಡ್ ನಂಬರು. 14ನೇ ಬೆಡ್ಡಿನ ಹೆಂಗಸು ರಾತ್ರಿಯೆಲ್ಲ ‘ಸಿಸ್ಟರ್’ ಅಂತ ಕರೀತಿದ್ದಳು. ಹೋದರೆ ಏನೂ ಇಲ್ಲ. ನೀರು ಕೊಡು ಅನ್ನೋಳು, ಕೊಟ್ಟರೆ ಒಂದು ಗುಟುಕು. ಎರಡು ನಿಮಿಷಕ್ಕೆ ಮತ್ತೆ ‘ಸಿಸ್ಟರ್’. ನಾಲ್ಕನೇ ಸಲ ನಾನು ಹೋಗಲಿಲ್ಲ. ಹೋಗಲೇಬಾರದು ಅಂತಲ್ಲ. ಕೈಯಲ್ಲಿ ಡ್ರಿಪ್ ಇತ್ತು, ಆಮೇಲೆ ಹೋದರಾಯ್ತು ಅಂತ. ಬೆಳಗ್ಗೆ ಐದರ ಹೊತ್ತಿಗೆ ಹೋಗಿ ನೋಡಿದರೆ ಹೋಗಿಬಿಟ್ಟಿದ್ದಳು. ಡಾಕ್ಟರು ಹೇಗೂ ಉಳೀತಿರಲಿಲ್ಲ ಅಂದರು. ನಿಜವೇ. ಆದರೆ ಅವಳು ಕರೀತಿದ್ದದ್ದು ನೀರಿಗಲ್ಲ ಅಂತ ನನಗೆ ಆಗ ಹೊಳೀತು. ಅವಳ ಹೆಸರು ಏನು ಅಂತ ಕೇಸ್ ಶೀಟಿನಲ್ಲಿ ಸಾವಿನ ಹೊತ್ತು ಬರೆಯುವಾಗ ನೋಡಿದೆ. ನನಗೆ ಅವಳ ಮೇಲೆ ಸಿಟ್ಟಿರಲಿಲ್ಲ, ಅಸಹ್ಯ ಇರಲಿಲ್ಲ. ಅವಳನ್ನ ನೋಡಿರಲಿಲ್ಲ, ಅಷ್ಟೇ. ಆಲೂರಿನಲ್ಲಿ ಹತ್ತನೇ ದಿನ ನಾಲ್ಕನೆಯವರ ಮುಖ ಅಂತ ಹುಡುಕಿದಾಗ ಬಂದವಳು ಅವಳು. ಈಗಲೂ ದಿನಾ ಬೆಳಗ್ಗೆ ಬರ್ತಾಳೆ.

— ಅವಳು ಹೋಗಿ ಎಷ್ಟು ವರ್ಷ ಆಯ್ತು. ಈಗ ಮೈತ್ರಿ ಮಾಡಿದರೆ ಅವಳಿಗೇನು?

— ಅವಳಿಗೆ ಏನೂ ಇಲ್ಲ. ಅವಳಾದ ಮೇಲೆ ಕರೆದವರಿಗೆ ಇತ್ತು. ಇನ್ನೂ ಏಳೆಂಟು ವರ್ಷ ಮೊದಲೇ ಕಲಿತಿದ್ದರೆ ಎಷ್ಟು ಜನಕ್ಕೆ ಆಗ್ತಿತ್ತು ಅಂತ ಸಂಕಟ ಆಗುತ್ತೆ.

— ಆದರೂ ಕೂತರೆ ನಿಜವಾಗಿ ಮನುಷ್ಯ ಬದಲಾಗ್ತಾನಾ? ನೀನು ಆಸ್ಪತ್ರೇಲಿ ಇದ್ದೋಳು, ಔಷಧಿಗೆ ಪರೀಕ್ಷೆ ಇರೋ ಹಾಗೆ ಇದಕ್ಕೂ ಏನಾದ್ರೂ ಇದೆಯಾ?

— ಇದೆ. ಅಮೆರಿಕದಲ್ಲಿ ಜಾನ್ ಕಬಾಟ್-ಜಿನ್ ಅನ್ನೋರು 1979ರಲ್ಲಿ ಆಸ್ಪತ್ರೆಯಲ್ಲೇ ಇದನ್ನ ಶುರು ಮಾಡಿದರು, ವಾಸಿಯಾಗದ ನೋವಿನ ರೋಗಿಗಳಿಗೆ, ಎಂಟು ವಾರದ ತರಬೇತಿ. ಆದರೆ ನಿನ್ನ ಪ್ರಶ್ನೆಗೆ ಹತ್ತಿರದ್ದು ಬೇರೆ ಎರಡು. ಒಂದು ತುಂಬ ಹಳೇದು, 1973ರಲ್ಲಿ ಬಂದಿದ್ದು, ಧ್ಯಾನದ್ದಲ್ಲ. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗೋಕೆ ಓದ್ತಿದ್ದ 40 ಹುಡುಗರನ್ನ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡೋಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಬಾಗಿಲ ಹತ್ತಿರ ಕುಸಿದು ಕೂತು ನರಳ್ತಿದ್ದ. ಅವನನ್ನ ಬೇಕಂತಲೇ ಕೂರಿಸಿದ್ದರು. ಸಮಯ ಇದೆ ಅಂತ ಹೇಳಿ ಕಳಿಸಿದವರಲ್ಲಿ 100ಕ್ಕೆ 63 ಜನ ನಿಂತು ವಿಚಾರಿಸಿದರು. ತಡ ಆಯ್ತು ಓಡು ಅಂತ ಕಳಿಸಿದವರಲ್ಲಿ 100ಕ್ಕೆ 10. ಅವರಲ್ಲಿ ಎಷ್ಟೋ ಜನ ಮಾತಾಡಬೇಕಿದ್ದ ವಿಷಯ ಏನು ಗೊತ್ತಾ? ದಾರಿಯಲ್ಲಿ ಬಿದ್ದವನನ್ನ ಎತ್ತಿ ಉಪಚರಿಸಿದ ಸಮಾರ್ಯದವನ ಕಥೆ. ಆ ವಿಷಯ ತಲೇಲಿದ್ದರೂ ನಿಂತವರ ಲೆಕ್ಕ ಅಷ್ಟೇನೂ ಬದಲಾಗಲಿಲ್ಲ.

— ಅಯ್ಯೋ.

— ಕೆಟ್ಟವರಲ್ಲ ಅವರು. ನಿನ್ನ ಹಾಗೆ, ನನ್ನ ಹಾಗೆ. ಆತುರ. ಇನ್ನೊಂದು 2013ರದ್ದು, ಬಾಸ್ಟನ್‌ನಲ್ಲಿ ಮಾಡಿದ್ದು. ಎಂಟು ವಾರ ಧ್ಯಾನ ಕಲಿತವರನ್ನೂ ಕಲಿಯದವರನ್ನೂ ಒಬ್ಬೊಬ್ಬರಾಗಿ ಕರೆದು ಒಂದು ಕೋಣೆ ಹೊರಗೆ ಕಾಯೋಕೆ ಕೂರಿಸಿದರು. ಕುರ್ಚಿ ಎಲ್ಲ ಭರ್ತಿ. ಊರುಗೋಲು ಹಿಡಿದು ಒಬ್ಬಳು ನೋವು ತಿನ್ನುತ್ತಾ ಬಂದು ನಿಲ್ತಾಳೆ. ಪಕ್ಕದಲ್ಲಿ ಕೂತವರು ಮುಖ ಎತ್ತಲ್ಲ. ಅವರಿಗೆ ಮೊದಲೇ ಹೇಳಿಕೊಟ್ಟಿತ್ತು. ಕಲಿಯದವರಲ್ಲಿ 100ಕ್ಕೆ 16 ಜನ ಎದ್ದು ಜಾಗ ಕೊಟ್ಟರು, ಕಲಿತವರಲ್ಲಿ 50. ಸಣ್ಣ ಪರೀಕ್ಷೆ, ಬೆರಳೆಣಿಕೆಯ ಜನ, ಅದೇ ಕೊನೇ ಮಾತು ಅಂತ ನಾನು ಹೇಳಲ್ಲ. ಆದರೆ ಅದರಲ್ಲಿ ನನ್ನನ್ನ ಹಿಡಿದಿಟ್ಟ ವಿಷಯ ಒಂದಿದೆ. ಕಲಿತವರಲ್ಲಿ ಕೆಲವರಿಗೆ ಕರುಣೆಯ ಧ್ಯಾನ ಹೇಳಿಕೊಟ್ಟಿದ್ದರು, ಕೆಲವರಿಗೆ ಬರೀ ಗಮನದ್ದು. ಎದ್ದು ನಿಂತವರಲ್ಲಿ ಆ ಎರಡು ಗುಂಪಿಗೆ ವ್ಯತ್ಯಾಸ ಇರಲಿಲ್ಲ.

— ಅಂದರೆ ಸುಮ್ಮನೆ ಉಸಿರು ನೋಡಿದವರೂ ಎದ್ದರು?

— ಎದ್ದರು. ಉಸಿರು ನೋಡೋಕೆ ಬಂದರೆ ಊರುಗೋಲೂ ಕಾಣುತ್ತೆ ಅಂತ ನಾನು ಅಂದುಕೊಂಡಿದೀನಿ. ನಮ್ಮಲ್ಲಿ ದಯೆ ಇಲ್ಲದೆ ಇಲ್ಲ ಕಣೋ. ಎದುರಿಗೆ ಇರೋದು ಕಣ್ಣಿಗೆ ಬೀಳ್ತಿಲ್ಲ.

— ವ್ಯವಹಾರದಲ್ಲಿ ಇದೆಲ್ಲ ನಡೆಯುತ್ತಾ? ಮೆತ್ತಗಾದರೆ ಚೇಣಿಯವನನ್ನ ಮುಕ್ಕಿಬಿಡ್ತಾರೆ. ದರ ಬಿದ್ದರೆ ಮುಂಗಡ ಕೊಟ್ಟಿದ್ದೂ ಮುಳುಗುತ್ತೆ.

— ಲೆಕ್ಕ ಬಿಡು ಅಂದೆನಾ? ಗಟ್ಟಿಯಾಗಿ ಮಾತಾಡು, ಅನ್ಯಾಯ ಆದರೆ ಕೇಳು. ಪತಂಜಲಿಯ ಯೋಗಸೂತ್ರದಲ್ಲೂ ನಾಲ್ಕು ಹೇಳಿದೆ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಒಳ್ಳೇದು ಮಾಡೋರನ್ನ ಕಂಡರೆ ಸಂತೋಷ, ಕೆಟ್ಟದ್ದು ಮಾಡೋರಲ್ಲಿ ಉಪೇಕ್ಷೆ. ನಿನ್ನ ದಾಯಾದಿಗೆ ಸದ್ಯಕ್ಕೆ ಉಪೇಕ್ಷೆ ಸಾಕು. ಸರ್ವೆಗೆ ಅರ್ಜಿ ಹಾಕು, ರಾತ್ರಿ ಮಲಗುವಾಗ ಅವನನ್ನ ಹಾಸಿಗೆಗೆ ಕರ್ಕೊಂಡು ಬರಬೇಡ.

— ಹಾಗಾದರೆ ನಾಳೆಯಿಂದ ಹೇಗೆ ಕೂರಲಿ ಹೇಳು.

— ಇಯರ್‌ಫೋನ್ ತೆಗೆ. ಬಾಗಿಲು ತೆಗೆದಿಡು. ಹೊರಗಿನ ಸದ್ದು ಬರಲಿ. ಸದ್ದು ಬಂದಾಗ ಮೈ ಎಲ್ಲಿ ಬಿಗಿಯಾಗುತ್ತೆ ಅಂತ ನೋಡು. ಉಸಿರು ಉದ್ದ ಮಾಡೋದು, ಹಿಡಿಯೋದು ಏನೂ ಬೇಡ, ಅದು ಹೇಗಿದೆಯೋ ಹಾಗೆ. ಮನಸ್ಸು ಅಡಿಕೆ ಮಂಡಿಗೆ ಹೋಗುತ್ತೆ. ಹೋಯ್ತು ಅಂತ ಗೊತ್ತಾದಾಗ ಬೈದುಕೊಳ್ಳದೆ ಕರ್ಕೊಂಡು ಬಾ, ಹೊಸಿಲು ದಾಟಿದ ಮಗೂನ ಕರ್ಕೊಂಡು ಬರೋ ಹಾಗೆ. ನೂರು ಸಲ ಹೋದರೂ ನೂರು ಸಲ. ಇಲ್ಲಿ ನೂರು ಸಲ ಸಿಡುಕದೆ ಕರ್ಕೊಂಡು ಬಂದವನಿಗೆ ಸಂಜೆ ಹತ್ತು ಸಲ ಅದೇ ಪ್ರಶ್ನೆ ಕೇಳಿಸ್ಕೊಳ್ಳೋಕೆ ಬರುತ್ತೆ. ಒಂದೇ ಸ್ನಾಯುವಿನ ಕೆಲಸ. ಆಮೇಲೆ ಎರಡು ಮೂರು ಮುಖ ನೆನೆಸ್ಕೋ. ಏನೂ ಅನ್ನಿಸದಿದ್ದರೂ ಪರವಾಗಿಲ್ಲ, ಬಲವಂತವಾಗಿ ಕಣ್ಣೀರು ಬರಿಸ್ಕೊಳ್ಳೋದು ಬೇಡ. ಮತ್ತೊಂದು ಮಾತು, ನರ್ಸ್ ಆಗಿ ಹೇಳ್ತೀನಿ. ಕೂತಾಗ ಎದೆ ಒಡೆಯೋ ಹಾಗೆ ಭಯ ಬಂದರೆ, ನಿದ್ದೆಯೇ ಬರದಿದ್ದರೆ, ಸಾಯಬೇಕು ಅನ್ನಿಸಿದರೆ, ಹಟ ಹಿಡಿದು ಕೂರಬಾರದು. ಡಾಕ್ಟರ ಹತ್ತಿರ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಇದೆ, 14416. ಅಮ್ಮನ್ನ ನೋಡಿಕೊಂಡು ನೀನೂ ದಣಿದಿದೀಯ.

— ಅಮ್ಮ ಮತ್ತೆ ಕೇಳಿದರೆ ಏನನ್ನಲಿ? ಅಪ್ಪ ಬರ್ತಾರೆ ಅಂತ ದಿನಾ ಸುಳ್ಳು ಹೇಳ್ಲಾ?

— ಅವಳು ಕೇಳ್ತಿರೋದು ವಿಷಯ ಅಲ್ಲ. ಸಂಜೆ ಆಯ್ತು, ಏನೋ ಆಗಬೇಕಿತ್ತು, ಆಗಿಲ್ಲ ಅನ್ನೋ ಕಳವಳ. ‘ಅಪ್ಪನ ನೆನಪಾಯ್ತಾ?’ ಅನ್ನು. ಪಕ್ಕದಲ್ಲಿ ಕೂತು ಅವರ ಸುದ್ದಿ ಮಾತಾಡು. ಅವಳಿಗೆ ಹಳೇದೆಲ್ಲ ನೆನಪಿದೆ. ನಿನ್ನ ಮಗಳ ಹೆಸರು ಮರೀತಾಳೆ, ಆದರೆ ರೊಟ್ಟಿ ತಟ್ಟೋಕೆ ಕೂರಿಸಿದರೆ ಕೈ ತಪ್ಪಲ್ಲ. ಕೈಗೆ ಬಂದಿದ್ದು ಬೇಗ ಹೋಗಲ್ಲ, ವಾರ್ಡಿನಲ್ಲಿ ಎಷ್ಟೋ ಮುದುಕಿಯರಲ್ಲಿ ನೋಡಿದೀನಿ. ಒಂದು ಕೆಲಸ ಮಾಡು. ನೀನು ಒಬ್ಬನೇ ಕೂರೋ ಬದಲು ಅವಳ ಲಿಂಗಪೂಜೆ ಹೊತ್ತಿಗೆ ಅವಳ ಪಕ್ಕ ಕೂರು. ಅವಳು ಚುಕ್ಕೆ ನೋಡ್ತಾಳೆ, ನೀನು ಉಸಿರು ನೋಡು. ಸಂಜೆ ಪೂಜೆಯನ್ನಂತೂ ನಿಮ್ಮಪ್ಪ ತೋಟದಿಂದ ಬಂದ ಮೇಲೆ ಇಬ್ಬರೂ ಒಟ್ಟಿಗೇ ಕೂತು ಮಾಡ್ತಿದ್ದರು. ಯಾಕೋ ಸುಮ್ಮನಾದೆ?

— ಅಮ್ಮ ಈಗ ಲಿಂಗಪೂಜೆ ಮಾಡ್ತಿಲ್ಲ ದೊಡ್ಡಮ್ಮ.

— ಯಾಕೆ? ಯಾವಾಗಿಂದ?

— ಯುಗಾದಿ ಆದಮೇಲಿಂದ. ಕರಡಿಗೆ ಬಿಚ್ಚಿ ಎಲ್ಲೆಂದರಲ್ಲಿ ಇಟ್ಟುಬಿಡೋಳು. ಒಂದು ಸಲ ಹಿಟ್ಟಿನ ಡಬ್ಬದಲ್ಲಿ ಸಿಕ್ಕಿತು, ಇನ್ನೊಂದು ಸಲ ಬಚ್ಚಲಲ್ಲಿ. ಬೆಳ್ಳಿ ಕರಡಿಗೆ, ಅಜ್ಜಿ ಕಾಲದ್ದು. ಕಳೆದುಹೋದರೆ ಕಷ್ಟ ಅಂತ ಬೀರುವಿನಲ್ಲಿ ಇಟ್ಟು ಬೀಗ ಹಾಕಿದೀನಿ.

— ಲಿಂಗನೂ ಅದರಲ್ಲೇ ಇದೆಯಾ?

— ಇದೆ.

— ಅವಳ ಕೊರಳಲ್ಲಿ ಏನೂ ಇಲ್ಲ ಅಂತಾಯ್ತು.

— ಶಿವದಾರ ಇಲ್ಲ.

— ಹುಟ್ಟಿದಾಗಿಂದ ಮೈಮೇಲಿಂದ ಇಳಿಸಿದವಳಲ್ಲ. ನಿನ್ನ ಹೆರಿಗೇಲೂ ಇಳಿಸಲಿಲ್ಲ. ಆ ರಾತ್ರಿ ನಾನೇ ಪಕ್ಕದಲ್ಲಿದ್ದೆ. ಎದೆ ತಡವಿಕೊಳ್ತಾ ವಾಪಸ್ ಬರ್ತಾಳೆ ಅಂತ ನೀನೇ ಹೇಳಿದೆಯಲ್ಲೋ ಆಗ.

— ಬೆವರಿಗೆ ತುರಿಕೆ ಇರಬೇಕು ಅಂದುಕೊಂಡಿದ್ದೆ. ಪೌಡರ್ ತಂದುಕೊಟ್ಟಿದ್ದೆ.

— ...

— ಕೂಗಿದ್ದೊಂದೇ ನನ್ನ ಮನಸ್ಸಿನಲ್ಲಿತ್ತು ದೊಡ್ಡಮ್ಮ. ಇದು ಬರಲೇ ಇಲ್ಲ. ಎಂಟು ತಿಂಗಳು.

— ಬೀಗದ ಕೈ ಎಲ್ಲಿದೆ?

— ಇಲ್ಲೇ, ಜೇಬಲ್ಲಿ.

— ಏಳು. ಆ ಮೂಲೇಲಿ ಟಾರ್ಚ್ ಇದೆ, ತಗೋ. ಕರಡಿಗೆ ಬೀರುವಿನಲ್ಲೇ ಇರಲಿ, ಕಳೆಯೋ ಭಯ ನಿನಗೆ ಬೇಡ. ನನ್ನ ಹತ್ತಿರ ಬಿಳೀ ವಸ್ತ್ರ ಇದೆ, ಲಿಂಗ ಅದರಲ್ಲಿ ಕಟ್ಟಿ ಕೊರಳಿಗೆ ಹಾಕೋಣ. ಗಂಟು ಹಿಂದೆ ಹಾಕ್ತೀನಿ, ಅವಳಿಗೆ ಬಿಚ್ಚೋಕೆ ನೀನು ಪಕ್ಕದಲ್ಲಿರಬೇಕು, ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಮನೇಲಿ ವಿಭೂತಿ ಗಟ್ಟಿ ಇದೆಯಾ?

— ಅಪ್ಪ ಇದ್ದಾಗ ತಂದದ್ದು ಇರಬೇಕು.

— ಇಲ್ಲದಿದ್ದರೆ ಕಷ್ಟ, ತಡಿ, ನಮ್ಮದೇ ಒಂದು ತುಂಡು ತಗೊಂಡು ಬರ್ತೀನಿ.